ತೂಕ ಇಳಿಸಲು ಜಿಮ್ ಸೇರಿದವನಿಗೆ ಸಿಕ್ಕ ಸಪ್ಲಿಮೆಂಟ್ ಚೀಟಿ: ಒಂದು ಪ್ರಕರಣ

ಈ ಪ್ರಕರಣ ನನ್ನ ಭಾವಮೈದನದು. ಹೆಸರು ಹಾಕಬೇಡಿ, ಉಳಿದದ್ದೆಲ್ಲಾ ಬರೆಯಿರಿ ಅಂದಿದ್ದಾನೆ. ಊರು ದಾವಣಗೆರೆ, ವಯಸ್ಸು 29, ಬ್ಯಾಂಕಿನಲ್ಲಿ ಕೆಲಸ. ಎತ್ತರ 172 ಸೆಂ.ಮೀ., ತೂಕ 94 ಕೇಜಿ, ಹೊಟ್ಟೆಯ ಸುತ್ತಳತೆ 108 ಸೆಂ.ಮೀ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಲೆಕ್ಕ ಹಾಕಿದರೆ ಸುಮಾರು 32 ಬರುತ್ತದೆ. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಹಿಡಿಯುತ್ತಾರೆ. ಬಿಪಿ 138/88, ಅಂದರೆ ಗಡಿಯಲ್ಲಿದೆ. ಶುಗರ್ ಇಲ್ಲ, ಆದರೆ ಅಪ್ಪನಿಗೆ ಇದೆ.

ಯುಗಾದಿ ಮುಗಿದ ಮೇಲೆ ಜಿಮ್ ಸೇರಿದ. ಮೂರು ತಿಂಗಳ ಫೀಸು 4,000 ರೂಪಾಯಿ. ಎರಡನೇ ವಾರಕ್ಕೆ ಟ್ರೈನರ್ ಒಂದು ಚೀಟಿ ಬರೆದುಕೊಟ್ಟರು: ವೇ ಐಸೊಲೇಟ್ (ಹಾಲಿನ ಪ್ರೊಟೀನ್ ಪುಡಿ), ಬಿಸಿಎಎ, ಫ್ಯಾಟ್ ಬರ್ನರ್, ಎಲ್-ಕಾರ್ನಿಟೈನ್ ಲಿಕ್ವಿಡ್, ಪ್ರೀ-ವರ್ಕೌಟ್, ಮಲ್ಟಿವಿಟಮಿನ್. ಜಿಮ್ಮಿನ ಕೌಂಟರಿನಲ್ಲೇ ಎಲ್ಲ ಸಿಗುತ್ತದೆ, ಒಟ್ಟು 13,000 ಚಿಲ್ಲರೆ. ಅಂದರೆ ಮೂರು ತಿಂಗಳ ಫೀಸಿನ ಮೂರರಷ್ಟು ದುಡ್ಡು ಡಬ್ಬಿಗಳಿಗೇ.

ಚೀಟಿಯ ಫೋಟೋ ಕಳಿಸಿ ಫೋನ್ ಮಾಡಿದ. "ಭಾವ, ಇದೆಲ್ಲಾ ತಗೊಳ್ದೇ ಇದ್ರೆ ಮಾಡಿದ ವರ್ಕೌಟ್ ಎಲ್ಲಾ ವೇಸ್ಟ್ ಅಂತೆ, ಹೌದಾ?"

ವೇಸ್ಟ್ ಆಗಲ್ಲ ಕಣಪ್ಪಾ, ಆದರೆ ದುಡ್ಡು ಕೊಡುವ ಮೊದಲು ಒಂದು ವಾರ ಕಾಯಿ ಅಂದೆ.

ನಾನು ಡಯಟೀಷಿಯನ್. ಇಂಥ ಚೀಟಿ ಹಿಡಿದುಕೊಂಡು ಬರುವವರನ್ನು ಕ್ಲಿನಿಕ್ಕಿನಲ್ಲಿ ನೋಡುತ್ತಲೇ ಇರುತ್ತೇನೆ. ಅವರಲ್ಲಿ ಹೆಚ್ಚಿನವರು ಡಬ್ಬಿ ಕೊಂಡ ಮೇಲೆ ಬರುತ್ತಾರೆ. ಇವನು ಕೊಳ್ಳುವ ಮೊದಲೇ ಕೇಳಿದ. ಜೊತೆಗೆ ಇವನ ಊಟ, ನಿದ್ದೆ, ರಕ್ತಪರೀಕ್ಷೆ, ಖರ್ಚು ಎಲ್ಲವೂ ನನ್ನ ಕಣ್ಣೆದುರೇ ಇತ್ತು. ಬರೆಯಲು ಇದನ್ನೇ ಆರಿಸಿಕೊಂಡಿದ್ದು ಅದಕ್ಕೆ.

ಮೊದಲು ತಟ್ಟೆ ನೋಡಿದೆವು

ಆ ಚೀಟಿ ಬರೆಯುವ ಮೊದಲು ಯಾರೂ ಇವನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ: ನೀನು ದಿನಾ ಏನು ತಿಂತೀಯ? ನಾನು ಬೇಸರಪಟ್ಟುಕೊಳ್ಳುವುದು ಇಲ್ಲೇ. ಊಟ ಗೊತ್ತಿಲ್ಲದೆ ಏನು ಕಡಿಮೆಯಿದೆ ಅಂತ ಹೇಳುವುದು ಹೇಗೆ?

ತಿಂದದ್ದನ್ನೆಲ್ಲಾ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕು ಅಂದೆ. ಮಾಮೂಲಿ ಒಂದು ದಿನ ಹೀಗಿತ್ತು. ಬೆಳಗ್ಗೆ ಎರಡು ಚಮಚ ಸಕ್ಕರೆ ಹಾಕಿದ ಟೀ. ತಿಂಡಿಗೆ ಉಪ್ಪಿಟ್ಟೋ ಚಿತ್ರಾನ್ನವೋ, ವಾರಕ್ಕೆರಡು ದಿನ ಹೋಟೆಲಿನ ಬೆಣ್ಣೆದೋಸೆ. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ, ಪಲ್ಯ, ಆಮೇಲೆ ಅನ್ನ ಸಾರು. ಸಂಜೆ ಬ್ಯಾಂಕಿನವರ ಜೊತೆ ಮಂಡಕ್ಕಿ-ಮಿರ್ಚಿ, ಇನ್ನೊಂದು ಟೀ. ಜಿಮ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ಮುದ್ದೆ ಅಥವಾ ರೊಟ್ಟಿ, ಮತ್ತೆ ಅನ್ನ, ಮಜ್ಜಿಗೆ. ಕೋಳಿ ಭಾನುವಾರ ಮಾತ್ರ. ಸೋಮವಾರ, ಶನಿವಾರ ಮನೆಯಲ್ಲಿ ಮೊಟ್ಟೆಯೂ ಇಲ್ಲ.

ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 2,800 ಕ್ಯಾಲೊರಿ, ಪ್ರೊಟೀನ್ 50 ಗ್ರಾಂ ಆಸುಪಾಸು. ಅವನ ದೇಹಕ್ಕೆ, ಅವನ ಕುಳಿತು ಮಾಡುವ ಕೆಲಸಕ್ಕೆ, ತೂಕ ಇದ್ದಲ್ಲೇ ಇರಲು ಬೇಕಾಗುವುದು 2,600ರಷ್ಟು. ಜಿಮ್ಮಿನಲ್ಲಿ ಒಂದು ಗಂಟೆ ಬೆವರು ಹರಿಸಿದರೆ ಖರ್ಚಾಗುವುದು 250-300 ಕ್ಯಾಲೊರಿ. ಸಂಜೆಯ ಮೂರು ಮಿರ್ಚಿ ಅಷ್ಟನ್ನೂ ವಾಪಸ್ ತುಂಬಿಬಿಡುತ್ತವೆ. ಮಂಡಕ್ಕಿಯದು ತಪ್ಪಿಲ್ಲ, ಅದು ಹಗುರ. ಎಣ್ಣೆ ಹೀರಿಕೊಂಡು ಕೂತಿರುವುದು ಮಿರ್ಚಿಯ ಕಡಲೆಹಿಟ್ಟು.

ಒಂದು ಕೇಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಹತ್ತಿರಹತ್ತಿರ ಅರ್ಧ ಕೇಜಿ ಇಳಿಯುತ್ತದೆ. ಈ ಕೊರತೆಯನ್ನು ಡಬ್ಬಿಯಲ್ಲಿರುವ ಯಾವ ಪುಡಿಯೂ ಮಾಡಿಕೊಡುವುದಿಲ್ಲ. ಹಾಗಾಗಿ ಇವನ ಮೊದಲ ಕೆಲಸ 2,100ಕ್ಕೆ ಇಳಿಯುವುದು.

ಆದರೆ ಪ್ರೊಟೀನ್ ವಿಷಯದಲ್ಲಿ ಟ್ರೈನರ್ ಹೇಳಿದ್ದು ಅರ್ಧ ಸರಿಯೇ. 50 ಗ್ರಾಂ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಮಾಮೂಲಿ ಲೆಕ್ಕ ಕೇಜಿ ತೂಕಕ್ಕೆ 0.83 ಗ್ರಾಂ. ಭಾರ ಎತ್ತುತ್ತಾ, ಊಟವನ್ನೂ ಕಡಿಮೆ ಮಾಡುತ್ತಾ ಇರುವವನಿಗೆ ಅದಕ್ಕಿಂತ ಜಾಸ್ತಿ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. 2018ರಲ್ಲಿ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಕೇಜಿಗೆ 1.6 ಗ್ರಾಂ ಸುಮಾರಿಗೆ ಲಾಭ ನಿಂತುಬಿಡುತ್ತದೆ, ಅದಕ್ಕಿಂತ ಮೇಲೆ ತಿಂದರೂ ಸ್ನಾಯು ಹೆಚ್ಚು ಬೆಳೆಯುವುದಿಲ್ಲ ಅಂತ ಅದರಲ್ಲಿ ಕಂಡಿತು. ಹೊಸಬರಿಗೆ 1.2ರಿಂದ 1.6 ಇಟ್ಟುಕೊಂಡರೆ ಸಾಕು. ಇದನ್ನು 94 ಕೇಜಿಗೆ ಗುಣಿಸುವುದು ಬೇಡ, ತಲುಪಬೇಕಾದ 75 ಕೇಜಿಗೆ ಗುಣಿಸಿದರೆ ಸಾಕು. ಅಲ್ಲಿಗೆ 90 ಗ್ರಾಂನಿಂದ ಶುರು.

ಅಂದರೆ ದಿನಕ್ಕೆ ಒಂದು 40 ಗ್ರಾಂ ಕೊರತೆ. ಚೀಟಿಯಲ್ಲಿದ್ದ ಆರು ಐಟಂಗಳಲ್ಲಿ ಐದಕ್ಕೂ ಈ ಕೊರತೆಗೂ ಸಂಬಂಧವೇ ಇಲ್ಲ.

ಚೀಟಿಯಲ್ಲಿದ್ದದ್ದು

ಫ್ಯಾಟ್ ಬರ್ನರ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ತೂಕ ಇಳಿಸಲು ಬಂದವರು ಮೊದಲು ಆಸೆಪಡುವುದು ಇದಕ್ಕೇ. ಡಬ್ಬಿಯ ಹಿಂದಿನ ಲೇಬಲ್ಲಿನ ಫೋಟೋ ತರಿಸಿಕೊಂಡೆ. ಕೆಫೀನ್, ಗ್ರೀನ್ ಟೀ ಸಾರ, ಗಾರ್ಸೀನಿಯಾ ಕಾಂಬೋಜಿಯಾ, ಕರಿಮೆಣಸಿನ ಸಾರ. ಯಾವುದು ಎಷ್ಟು ಮಿಲಿಗ್ರಾಂ ಅಂತ ಬಿಡಿಬಿಡಿಯಾಗಿ ಬರೆದಿರಲಿಲ್ಲ, ಎಲ್ಲಾ ಸೇರಿಸಿ ಒಂದೇ ಸಂಖ್ಯೆ. ಇದೊಂದೇ ಕಾರಣಕ್ಕೆ ಆ ಡಬ್ಬಿಯನ್ನು ವಾಪಸ್ ಇಡಬಹುದು.

ಗಾರ್ಸೀನಿಯಾ ಕಾಂಬೋಜಿಯಾ ಅಂದರೆ ಯಾವುದೋ ದೂರದೇಶದ ಗಿಡ ಅಂದುಕೊಂಡಿದ್ದ. ಅದು ನಮ್ಮ ಘಟ್ಟದ ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಾಡಿನಿಂದ ತಂದು, ಸಿಪ್ಪೆ ಒಣಗಿಸಿ ಮಾರುತ್ತಾರೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನ ಪಂದಿ ಕರಿಗೆ ಹಾಕುವ ಕಾಚಂಪುಳಿಯೂ ಇದೇ ಹಣ್ಣಿನದು, ಕೇರಳದ ಮೀನು ಸಾರಿನ ಕುಡಂಪುಳಿಯೂ ಇದೇ. ಇದರ ಸಿಪ್ಪೆಯಲ್ಲಿರುವ ಹುಳಿಯ ಅಂಶ ಕೊಬ್ಬು ಕಟ್ಟುವುದನ್ನು ತಡೆಯುತ್ತದೆ ಅನ್ನುವ ಸುದ್ದಿ ತೊಂಬತ್ತರ ದಶಕದಲ್ಲಿ ಹಬ್ಬಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಸರಿಯಾಗಿ ಪರೀಕ್ಷೆ ಮಾಡಿದರು. ಅರ್ಧದಷ್ಟು ಜನರಿಗೆ ಇದರ ಸಾರ, ಉಳಿದವರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ, ಎಲ್ಲರಿಗೂ ಒಂದೇ ಪಥ್ಯ. ತೂಕ ಇಳಿದದ್ದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಇಷ್ಟು ವರ್ಷದ ಮೇಲೂ ಅದು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲೇ ಇದೆ. ಅಡುಗೆಗೆ ಹಾಕಿಕೊಂಡು ತಿನ್ನಲು ಉಪ್ಪಾಗೆ ಒಳ್ಳೆಯ ಪದಾರ್ಥ, ಅದರ ಬಗ್ಗೆ ನನಗೆ ತಕರಾರಿಲ್ಲ. ಸಾರ ತೆಗೆದು ಮಾತ್ರೆ ಮಾಡಿ ಸೊಂಟ ಕರಗುತ್ತದೆ ಅಂತ ಮಾರುವುದು ಬೇರೆ ಮಾತು, ಅಂಥ ಮಾತ್ರೆಗಳಿಂದ ಲಿವರ್‌ಗೆ ಏಟು ಬಿದ್ದ ವರದಿಗಳೂ ಇವೆ.

ಗ್ರೀನ್ ಟೀ ಕುಡಿಯುವುದಕ್ಕೂ ಅದರ ಗಟ್ಟಿ ಸಾರ ನುಂಗುವುದಕ್ಕೂ ಹೀಗೇ ವ್ಯತ್ಯಾಸ. ದಿನಕ್ಕೆ 800 ಮಿಲಿಗ್ರಾಂ ಅಥವಾ ಜಾಸ್ತಿ ಇಜಿಸಿಜಿ, ಅಂದರೆ ಆ ಸಾರದ ಮುಖ್ಯ ಅಂಶ, ಸಪ್ಲಿಮೆಂಟಿನಿಂದ ತೆಗೆದುಕೊಂಡರೆ ಲಿವರ್ ಎನ್ಜೈಮ್ ಏರುವ ಲಕ್ಷಣ ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು. ಇವನ ಡಬ್ಬಿಯಲ್ಲಿ ಅದೆಷ್ಟಿದೆ ಅಂತ ಬರೆದೇ ಇಲ್ಲವಲ್ಲ!

ಪ್ರೀ-ವರ್ಕೌಟ್ ಅಂದರೆ ಮುಖ್ಯವಾಗಿ ಕೆಫೀನ್. ಲೇಬಲ್ಲಿನಲ್ಲಿ ಒಂದು ಸ್ಕೂಪ್‌ಗೆ 250 ಮಿಲಿಗ್ರಾಂ ಅಂತಿತ್ತು. ದೊಡ್ಡವರಿಗೆ ಇಡೀ ದಿನಕ್ಕೆ 400 ಮೀರದಿರಲಿ ಅನ್ನುತ್ತಾರೆ. ಇವನು ಜಿಮ್ಮಿಗೆ ಹೋಗುವುದು ಸಂಜೆ ಏಳೂವರೆಗೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಹತ್ತಿರಹತ್ತಿರ ಐದು ಗಂಟೆ ಬೇಕು, ಅಂದರೆ ಮಧ್ಯರಾತ್ರಿ ದಾಟಿದರೂ ಒಂದು ಸ್ಟ್ರಾಂಗ್ ಕಾಫಿ ಮೈಯಲ್ಲಿ ಓಡಾಡುತ್ತಿರುತ್ತದೆ. ಬಿಪಿ ಬೇರೆ ಗಡಿಯಲ್ಲಿದೆ. ನಿದ್ದೆ ಕೆಟ್ಟರೆ ತೂಕ ಇಳಿಸುವವನಿಗೆ ಆಗುವ ನಷ್ಟ ಸಣ್ಣದಲ್ಲ. 2010ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ, ಕಡಿಮೆ ಕ್ಯಾಲೊರಿ ಊಟದಲ್ಲಿದ್ದ 10 ಜನರಿಗೆ ಒಮ್ಮೆ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ ಗಂಟೆ ಮಲಗಲು ಬಿಟ್ಟು ನೋಡಿದರು. ಇಳಿದ ತೂಕ ಎರಡರಲ್ಲೂ ಒಂದೇ ಥರ, ಆದರೆ ನಿದ್ದೆ ಕಡಿಮೆಯಾದಾಗ ಕರಗಿದ ಕೊಬ್ಬು 55% ಕಡಿಮೆ, ಹೋದದ್ದು ಸ್ನಾಯುವಿನ ಕಡೆಯಿಂದ ಜಾಸ್ತಿ. ಹತ್ತೇ ಜನರ ಪ್ರಯೋಗ, ಒಪ್ಪುತ್ತೇನೆ. ಆದರೂ ಸಂಜೆ ಜಿಮ್ಮಿಗೆ ಹೋಗುವ ಹೊಸಬರಿಗೆ ಪ್ರೀ-ವರ್ಕೌಟ್ ಕೊಡುವವರು ಇದನ್ನು ಒಮ್ಮೆ ಯೋಚಿಸಬೇಕು. ಅಗತ್ಯ ಅನ್ನಿಸಿದರೆ ಬೆಳಗ್ಗೆ ಹೋಗುವವರು ಸಕ್ಕರೆ ಕಡಿಮೆ ಹಾಕಿದ ಒಂದು ಫಿಲ್ಟರ್ ಕಾಫಿ ಕುಡಿದು ಹೋಗಲಿ.

ಬಿಸಿಎಎ ಬೇಗ ಮುಗಿಸುತ್ತೇನೆ. ಅದರಲ್ಲಿರುವುದು ಮೂರು ಅಮೈನೋ ಆಮ್ಲ, ಅಂದರೆ ಪ್ರೊಟೀನಿನ ಬಿಡಿ ತುಣುಕುಗಳು. ಆ ಮೂರೂ ಮೊಟ್ಟೆಯಲ್ಲಿ, ಹಾಲಿನಲ್ಲಿ, ಬೇಳೆಯಲ್ಲಿ ಇವೆ. ಅದೇ ಚೀಟಿಯ ವೇ ಪುಡಿಯ ಒಂದು ಸ್ಕೂಪ್‌ನಲ್ಲೇ ಸುಮಾರು 5 ಗ್ರಾಂ ಇದೆ. ಒಂದೇ ವಸ್ತುವಿಗೆ ಎರಡು ಸಲ ದುಡ್ಡು. ಕೊಬ್ಬನ್ನು ಉರಿಸಲು ನೆರವಾಗುವ ಎಲ್-ಕಾರ್ನಿಟೈನ್ ಅನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ, ಹೊರಗಿನಿಂದ ಕುಡಿದರೆ ಸ್ನಾಯುವಿನೊಳಗೆ ಅದರ ಮಟ್ಟ ಅಷ್ಟು ಸುಲಭಕ್ಕೆ ಏರುವುದಿಲ್ಲ.

ಮಲ್ಟಿವಿಟಮಿನ್ ಬಗ್ಗೆ ಸುಮ್ನೆ ಬೇಡ ಅನ್ನಲಿಲ್ಲ, ಪರೀಕ್ಷೆ ಮಾಡಿಸು ಅಂದೆ. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್, ಲಿವರ್, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೊಟೀನ್. ಕಿಡ್ನಿ ಚೆನ್ನಾಗಿರುವವರಿಗೆ ಈ ಮಟ್ಟದ ಪ್ರೊಟೀನ್‌ನಿಂದ ಭಯವಿಲ್ಲ. ಆದರೆ ಶುಗರ್ ಇರುವ ಮನೆತನದಲ್ಲಿ ಕಿಡ್ನಿ ಸದ್ದಿಲ್ಲದೆ ಸೋತಿರಬಹುದು, ಅದಕ್ಕೇ ಮೊದಲೇ ನೋಡುವುದು. ಎಲ್ಲಾ ಸರಿಯಿತ್ತು, ವಿಟಮಿನ್ ಡಿ ಮಾತ್ರ ತೀರಾ ಕಡಿಮೆ. ಬೆಳಗ್ಗೆಯಿಂದ ಸಂಜೆವರೆಗೆ ಬ್ಯಾಂಕಿನೊಳಗೇ ಇರುವವನಿಗೆ ಬಿಸಿಲು ಎಲ್ಲಿಂದ ಬರಬೇಕು? ಡಾಕ್ಟರು ವಾರಕ್ಕೊಂದು 60,000 ಯೂನಿಟ್‌ನ ಮಾತ್ರೆ ಎಂಟು ವಾರಕ್ಕೆ ಬರೆದರು. ಅದರಿಂದ ತೂಕ ಇಳಿಯುವುದಿಲ್ಲ, ಮೂಳೆಗೆ, ಸ್ನಾಯುವಿಗೆ ಬೇಕು. ಇವನಿಗೆ ನಿಜವಾಗಿ ಬೇಕಿದ್ದ ಸಪ್ಲಿಮೆಂಟ್ ಅದೊಂದೇ, ಅದು ಚೀಟಿಯಲ್ಲಿ ಆ ಪ್ರಮಾಣದಲ್ಲಿ ಇರಲೇ ಇಲ್ಲ.

ಉಳಿದದ್ದು ವೇ. ಇದನ್ನು ನಾನು ಉಳಿದವುಗಳ ಜೊತೆ ಸೇರಿಸುವುದಿಲ್ಲ. ವೇ ಅಂದರೆ ಹಾಲು ಒಡೆದು ಚೀಸ್ ಮಾಡುವಾಗ ಉಳಿಯುವ ನೀರಿನಲ್ಲಿರುವ ಪ್ರೊಟೀನ್, ಅದು ಆಹಾರವೇ. 2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ತೂಕ ಜಾಸ್ತಿಯಿದ್ದ ಯುವಕರಿಗೆ ನಾಲ್ಕು ವಾರ ಕಠಿಣ ವ್ಯಾಯಾಮ ಮಾಡಿಸಿ, ಊಟ ತುಂಬಾ ಕಡಿಮೆ ಕೊಟ್ಟು ನೋಡಿದರು. ಕೇಜಿಗೆ 2.4 ಗ್ರಾಂ ಪ್ರೊಟೀನ್ ತಿಂದವರಿಗೆ ಕೊಬ್ಬು ಜಾಸ್ತಿ ಕರಗಿತು, ಸ್ನಾಯುವೂ ಬೆಳೆಯಿತು. ಆದರೆ 1.2 ಗ್ರಾಂ ತಿಂದವರೂ ಸ್ನಾಯು ಕಳೆದುಕೊಳ್ಳಲಿಲ್ಲ, ಅವರಿಗೂ ಮೂರೂವರೆ ಕೇಜಿಯಷ್ಟು ಕೊಬ್ಬು ಹೋಯಿತು. ಹಾಗಾಗಿ ಪ್ರೊಟೀನ್ ಮುಖ್ಯ ಅನ್ನುವುದರಲ್ಲಿ ಎರಡು ಮಾತಿಲ್ಲ. ಅದು ಡಬ್ಬಿಯಿಂದಲೇ ಬರಬೇಕಾ, ಅಷ್ಟೇ ಪ್ರಶ್ನೆ.

ದುಡ್ಡಿನ ಲೆಕ್ಕ ಹಾಕಿ ತೋರಿಸಿದೆ. ಕೇಜಿಗೆ 3,000 ರೂಪಾಯಿಯ ವೇ ತಂದರೆ ಸುಮಾರು 30 ಸ್ಕೂಪ್, ಒಂದೊಂದರಲ್ಲಿ 24 ಗ್ರಾಂ ಪ್ರೊಟೀನ್. ಒಂದು ಗ್ರಾಂ ಪ್ರೊಟೀನ್‌ಗೆ ನಾಲ್ಕು ರೂಪಾಯಿ ಮೇಲೆ ಬೀಳುತ್ತದೆ. ಏಳು ರೂಪಾಯಿಯ ಮೊಟ್ಟೆಯಲ್ಲಿ 6 ಗ್ರಾಂ ಇದೆ, ಅಂದರೆ ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಸೋಯಾ ಚಂಕ್ಸ್‌ನಲ್ಲಿ 100 ಗ್ರಾಂಗೆ 50 ಗ್ರಾಂ ದಾಟಿ ಪ್ರೊಟೀನ್ ಇದೆ, ಅದು ಗ್ರಾಂಗೆ ಐವತ್ತು ಪೈಸೆಯೂ ಆಗುವುದಿಲ್ಲ. ಹೊಸ ತಟ್ಟೆ ಹೀಗಾಯಿತು: ತಿಂಡಿಗೆ ಮೂರು ಮೊಟ್ಟೆ, ಜೊತೆಗೆ ಎಂದಿನ ತಿಂಡಿ ಅರ್ಧ. ಮಧ್ಯಾಹ್ನ ಅನ್ನ ಅರ್ಧಕ್ಕಿಳಿಸಿ ಮೊಳಕೆ ಹೆಸರುಕಾಳಿನ ಉಸಲಿ, ಒಂದು ಬಟ್ಟಲು ಮೊಸರು. ಸಂಜೆ ಮಿರ್ಚಿ ವಾರಕ್ಕೊಂದು ದಿನ, ಮಂಡಕ್ಕಿ ಬೇಕಾದರೆ ಇರಲಿ. ರಾತ್ರಿ ಒಂದು ಮುದ್ದೆ ಅಥವಾ ಎರಡು ರೊಟ್ಟಿ, ಸಾರಿನಲ್ಲಿ ಹುರಳಿಯೋ ಸೋಯಾವೋ, ಅನ್ನ ಇಲ್ಲ. ಇದಕ್ಕೆ ದಿನಕ್ಕೆ ಹೆಚ್ಚುವರಿ ಖರ್ಚು 45-50 ರೂಪಾಯಿ. ನಮ್ಮತ್ತೆಗೆ ಸೋಯಾ ಅಂದರೆ ಆಗಿಬರುತ್ತಿರಲಿಲ್ಲ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿ, ಈರುಳ್ಳಿ ಖಾರದ ಮಸಾಲೆಯಲ್ಲಿ ಹುರಿದು ಹಾಕಿದ ಮೇಲೆ ಒಪ್ಪಿಕೊಂಡರು. ಹಿಂಡದಿದ್ದರೆ ಆ ಹಸಿವಾಸನೆ ಹೋಗುವುದೇ ಇಲ್ಲ.

ಇನ್ನೊಂದು ವಿಷಯವನ್ನೂ ಅವನಿಗೆ ಹೇಳಿದೆ. 2024ರಲ್ಲಿ ಭಾರತದ ಮಾರುಕಟ್ಟೆಯಲ್ಲಿ ಸಿಗುವ 36 ಪ್ರೊಟೀನ್ ಸಪ್ಲಿಮೆಂಟ್‌ಗಳನ್ನು ಲ್ಯಾಬಿಗೆ ಕೊಟ್ಟು ನೋಡಿದ ಅಧ್ಯಯನ ಬಂತು. ಸುಮಾರು 70%ರಲ್ಲಿ ಲೇಬಲ್ ಹೇಳಿದ ಪ್ರೊಟೀನ್‌ಗೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. 14%ರಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್, 8%ರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಅದೇ ವರ್ಷ ಐಸಿಎಂಆರ್‌ನ ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೊಟೀನ್ ಪುಡಿ ಬೇಡ ಅಂತಲೇ ಹೇಳಿತು. ನಾನು ಅಷ್ಟು ಕಡ್ಡಾಯವಾಗಿ ಬೇಡ ಅನ್ನುವವನಲ್ಲ. ಊಟದಿಂದ ಆಗುವುದನ್ನು ಮೊದಲು ಊಟದಿಂದ ಮಾಡು, ಉಳಿದದ್ದು ಆಮೇಲೆ ನೋಡೋಣ ಅನ್ನುವವನು.

ಆಮೇಲೆ ಆಗಿದ್ದು

ಮೊದಲ ಎರಡು ವಾರದಲ್ಲಿ ಎರಡು ಕೇಜಿ ಇಳಿಯಿತು. ಖುಷಿಯಿಂದ ಫೋನ್ ಮಾಡಿದ. ಅದರಲ್ಲಿ ನೀರಿನ ಪಾಲು ಜಾಸ್ತಿ, ಮುಂದೆ ನಿಧಾನ ಆಗುತ್ತದೆ, ಆಗ ಬೇಜಾರು ಮಾಡ್ಕೋಬೇಡ ಅಂತ ಹೇಳಿಟ್ಟೆ. ಟ್ರೈನರ್ ಸ್ಕ್ವಾಟ್, ಡೆಡ್‌ಲಿಫ್ಟ್, ರೋಯಿಂಗ್ ಬಹಳ ಚೆನ್ನಾಗಿ ಕಲಿಸಿಕೊಟ್ಟರು, ಬೆನ್ನು ಬಾಗಿದಾಗಲೆಲ್ಲಾ ನಿಲ್ಲಿಸಿ ತಿದ್ದಿದರು. ಆ ಕೆಲಸಕ್ಕೆ ಅವರಿಗೆ ಪೂರ್ತಿ ಮರ್ಯಾದೆ ಸಲ್ಲಬೇಕು. ಎಷ್ಟೋ ಜಿಮ್‌ಗಳಲ್ಲಿ ಟ್ರೈನರ್‌ಗಳ ಸಂಬಳ ಕಡಿಮೆ, ಡಬ್ಬಿ ಮಾರಿದರೆ ಕಮಿಷನ್. ಚೀಟಿ ಹುಟ್ಟುವುದು ಅಲ್ಲಿಂದ, ಕೆಟ್ಟ ಮನಸ್ಸಿನಿಂದಲ್ಲ.

ಜೂನ್ ತಿಂಗಳಲ್ಲಿ ತೂಕ 89ಕ್ಕೆ ಬಂದು ನಿಂತುಬಿಟ್ಟಿತು. ಮೂರು ವಾರ ಕದಲಲಿಲ್ಲ. "ಅದಕ್ಕೇ ಫ್ಯಾಟ್ ಬರ್ನರ್ ತಗೋ ಅಂದಿದ್ದು" ಅಂದರಂತೆ ಜಿಮ್ಮಿನಲ್ಲಿ. ಇವನಿಗೂ ಮನಸ್ಸು ಅಲ್ಲಾಡಿತು. ಮತ್ತೆ ಫೋಟೋ ಕಳಿಸು ಅಂದೆ. ಊಟವೆಲ್ಲಾ ಸರಿಯಾಗಿಯೇ ಇತ್ತು. ಆದರೆ ಬ್ಯಾಂಕಿನ ಮೇಜಿನ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬಿ ಕಾಣಿಸಿತು. ಅದರಲ್ಲೇನು ಅಂತ ಕೇಳಿದರೆ ಹುರಿದ ಶೇಂಗಾ. "ಪ್ರೊಟೀನ್ ಅಲ್ವಾ ಭಾವ, ಅದಕ್ಕೇ ತಿಂತಿದೀನಿ." ಶೇಂಗಾದಲ್ಲಿ ಪ್ರೊಟೀನ್ ಇದೆ, ನಿಜ, 100 ಗ್ರಾಂಗೆ 25 ಗ್ರಾಂ. ಆದರೆ ಅದರ ಜೊತೆ 560 ಕ್ಯಾಲೊರಿಯೂ ಬರುತ್ತದೆ. ಕೆಲಸ ಮಾಡುತ್ತಾ ಮಾಡುತ್ತಾ ಒಂದು ಹಿಡಿ, ಇನ್ನೊಂದು ಹಿಡಿ ಅಂತ ದಿನಕ್ಕೆ 80-90 ಗ್ರಾಂ ಹೋಗುತ್ತಿತ್ತು. ದಿನಕ್ಕೆ ಇಟ್ಟುಕೊಂಡಿದ್ದ 500 ಕ್ಯಾಲೊರಿ ಕೊರತೆ ಆ ಡಬ್ಬಿಯಲ್ಲೇ ಮುಚ್ಚಿಹೋಗಿತ್ತು. ಶೇಂಗಾ ಬದಲು ಹುರಿಗಡಲೆ, ಅದೂ ಒಂದೇ ಹಿಡಿ, ತೂಗಿ ಡಬ್ಬಿಗೆ ಹಾಕಿಕೊಂಡು ಹೋಗುವುದು ಅಂತ ಮಾಡಿದೆವು. ಮುಂದಿನ ವಾರದಿಂದ ತೂಕದ ಮುಳ್ಳು ಮತ್ತೆ ಇಳಿಯಿತು. ಆ ಹೊತ್ತಿನಲ್ಲಿ ಫ್ಯಾಟ್ ಬರ್ನರ್ ಕೊಂಡಿದ್ದರೆ ಶೇಂಗಾ ಡಬ್ಬಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಶ್ರಾವಣ ಬಂತು. ಅವರ ಮನೆಯಲ್ಲಿ ಆ ತಿಂಗಳು ಪೂರ್ತಿ ಮೊಟ್ಟೆ, ಮಾಂಸ ಒಳಗೆ ಬರುವುದಿಲ್ಲ. ಬೆಳಗಿನ 18 ಗ್ರಾಂ ಒಮ್ಮೆಗೇ ಹೋಯಿತು. ಪನೀರ್ ಹಾಕಿ ನೋಡಿದೆವು, ಪ್ರೊಟೀನ್ ಸಿಕ್ಕರೂ ಕೊಬ್ಬು ಜಾಸ್ತಿ, ದಿನಾ ತಂದು ತಿನ್ನಲು ಬೆಲೆಯೂ ಜಾಸ್ತಿ. ಸೋಯಾ ಆಗಲೇ ದಿನಕ್ಕೊಮ್ಮೆ ಇತ್ತು, ಇನ್ನೊಮ್ಮೆ ಅಂದರೆ ಅವನಿಗೂ ಬೇಸರ. ಆಗ ನಾನೇ ಹೇಳಿದೆ, ಈಗ ಒಂದು ಡಬ್ಬಿ ವೇ ತಗೋ. ಹಾಲಿನ ಸಕ್ಕರೆ ಹೆಚ್ಚುಕಡಿಮೆ ತೆಗೆದ ಐಸೊಲೇಟ್ ಬೇಕಾಗಿಲ್ಲ, ಹಾಲು ಕುಡಿದರೆ ಹೊಟ್ಟೆ ಕೆಡದವನಿಗೆ ಕಾನ್ಸಂಟ್ರೇಟ್ ಸಾಕು, ಬೆಲೆಯೂ ಕಡಿಮೆ. ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ, ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು ವಿಳಾಸದ ಸ್ಟಿಕ್ಕರ್ ಇದೆಯಾ ಅಂತ ನೋಡಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ವೇ ಇರಬೇಕು. ಮಾಲ್ಟೊಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಮೊದಲಿದ್ದರೆ ಅದು ಮಾಸ್ ಗೇನರ್, ತೂಕ ಏರಿಸುವ ಪುಡಿ. ತೂಕ ಇಳಿಸಲು ಬಂದವರು ಅದನ್ನು ಪ್ರೊಟೀನ್ ಅಂತ ನಂಬಿ ತಿಂಗಳುಗಟ್ಟಲೆ ಕುಡಿದದ್ದನ್ನು ಕಂಡಿದ್ದೇನೆ. ಪಾಪ, ತಮ್ಮ ಮೈಯೇ ಸರಿಯಿಲ್ಲ ಅಂತ ಕೊರಗುತ್ತಿದ್ದರು.

ಶ್ರಾವಣ ಮುಗಿಯುವಾಗ ತೂಕ 86, ಹೊಟ್ಟೆ 99 ಸೆಂ.ಮೀ., ಬಿಪಿ 126/82. ಖಾಲಿ ಬಾರ್ ಹಿಡಿದು ಸ್ಕ್ವಾಟ್ ಶುರು ಮಾಡಿದವನು ಈಗ 60 ಕೇಜಿ ಹಾಕಿಕೊಂಡು ಮಾಡುತ್ತಾನೆ. ಡಿ ಮಟ್ಟ ಸರಿಯಾಗಿದೆ. ಡಬ್ಬಿಯಲ್ಲಿ ಉಳಿದ ವೇ ಅನ್ನು ಸೋಮವಾರ, ಶನಿವಾರಕ್ಕೆ ಇಟ್ಟುಕೊಂಡಿದ್ದಾನೆ.

ಇದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ. ಮೊಟ್ಟೆಯನ್ನೂ ಮುಟ್ಟದ, ಹಾಲು ಮೊಸರೂ ಹಿಡಿಸದ ಒಬ್ಬರು ಬಂದರೆ ಮೊದಲ ತಿಂಗಳಲ್ಲೇ ಒಂದು ಸಸ್ಯಮೂಲದ ಪ್ರೊಟೀನ್ ಪುಡಿ ಮತ್ತು ಬಿ12 ಹೇಳಬೇಕಾಗಬಹುದು. ಹಾಸ್ಟೆಲ್ಲಿನಲ್ಲಿದ್ದು ಮೆಸ್ ಊಟ ಬದಲಾಯಿಸಲಾಗದ ಹುಡುಗರಿಗೂ ಹಾಗೇ. ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿರುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ವೇ ಕೂಡ ಡಾಕ್ಟರನ್ನು ಕೇಳದೆ ಬೇಡ. ಫ್ಯಾಟ್ ಬರ್ನರ್ ಮಾತ್ರ ಇವರಲ್ಲಿ ಯಾರಿಗೂ ನಾನು ಬರೆಯುವುದಿಲ್ಲ.

ಮೊನ್ನೆ ಅವನ ಹೊಸ ಪ್ರಶ್ನೆ ಕ್ರಿಯಾಟಿನ್ ಅನ್ನುವ ಇನ್ನೊಂದು ಸಪ್ಲಿಮೆಂಟ್ ಬಗ್ಗೆ. ರೀಲ್ಸ್‌ನಲ್ಲಿ ನೋಡಿದ್ದಾನೆ. ಅದು ಚೆನ್ನಾಗಿ ಪರೀಕ್ಷೆಯಾದ ವಸ್ತು, ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಭಾರ ಎತ್ತುವ ಶಕ್ತಿ ಸ್ವಲ್ಪ ಹೆಚ್ಚುತ್ತದೆ. ಆದರೆ ಸ್ನಾಯುವಿಗೆ ನೀರು ಎಳೆದುಕೊಳ್ಳುವುದರಿಂದ ಮೊದಲ ವಾರಗಳಲ್ಲಿ ತೂಕ ಒಂದೆರಡು ಕೇಜಿ ಏರಬಹುದು, ರಕ್ತದಲ್ಲಿ ಕ್ರಿಯಾಟಿನಿನ್ ಅಂಕಿಯೂ ಸ್ವಲ್ಪ ಮೇಲೆ ಹೋಗಿ ಗಾಬರಿ ಹುಟ್ಟಿಸಬಹುದು. ಮುಳ್ಳು ನೋಡಿ ದಿನ ಶುರು ಮಾಡುವವನಿಗೆ ಈಗಲೇ ಅದು ಬೇಡ, 80ಕ್ಕೆ ಬಂದ ಮೇಲೆ ಮತ್ತೆ ಕೇಳು ಅಂದಿದ್ದೇನೆ.